ಲಿನಕ್ಸ್‌ನಲ್ಲಿ ನಿಸ್ತಂತು ಕೀಲಿಮಣೆ ಮತ್ತು ಮೌಸ್‌ಗಳ ದೋಷ ಪತ್ತೆ

ನಿಸ್ತಂತು ಕೀಲಿಮಣೆ ಮತ್ತು ಮೌಸ್‌ಗಳು ತಂತಿಯ ನೆರವಿಲ್ಲದೆ, ರೇಡಿಯೊ ತರಂಗಗಳ ಮೂಲಕ ಗಣಕಯಂತ್ರಕ್ಕೆ ಸಂಕೇತಗಳನ್ನು ಕಳುಹಿಸುವ ಸಾಧನಗಳು. ಮುಕ್ತ ಕಾರ್ಯಾಚರಣ ವ್ಯವಸ್ಥೆಯಾದ ಲಿನಕ್ಸ್‌ನಲ್ಲಿ ಇವುಗಳ ಚಾಲಕ ತಂತ್ರಾಂಶಗಳು, ಅಂದರೆ ಡ್ರೈವರ್‌ಗಳು, ಬಹುಪಾಲು ಕರ್ನೆಲ್‌ನ ಜೊತೆಯಲ್ಲಿಯೇ ಬರುತ್ತವೆ. ಆದುದರಿಂದ ಮೌಸ್ ಕೆಲಸ ಮಾಡದಿದ್ದಾಗ ತಯಾರಕರ ಜಾಲತಾಣದಲ್ಲಿ ಡ್ರೈವರ್‌ಗಾಗಿ ಹುಡುಕುವುದರಿಂದ ಪ್ರಯೋಜನವಾಗುವುದು ವಿರಳ. ಸಾಧನದಿಂದ ಪರದೆಯವರೆಗಿನ ಹಾದಿಯಲ್ಲಿ ಸಂಕೇತವು ಎಲ್ಲಿ ನಿಂತುಹೋಗಿದೆ ಎಂಬುದನ್ನು ಕಂಡುಕೊಳ್ಳುವುದೇ ಸರಿಯಾದ ಕ್ರಮ.

ಸಂಕೇತದ ಹಾದಿ

ಇಂತಹ ಸಾಧನಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ: ಡಾಂಗಲ್ ಎಂಬ ಪುಟ್ಟ ಯುಎಸ್‌ಬಿ ರಿಸೀವರ್‌ನೊಂದಿಗೆ ಬರುವಂಥವು ಮತ್ತು ಬ್ಲೂಟೂತ್ ಬಳಸುವಂಥವು. ಡಾಂಗಲ್ ತನ್ನನ್ನು ಸಾಮಾನ್ಯ ಯುಎಸ್‌ಬಿ ಕೀಲಿಮಣೆ ಅಥವಾ ಮೌಸ್ ಎಂದೇ ಪರಿಚಯಿಸಿಕೊಳ್ಳುವುದರಿಂದ, ಕರ್ನೆಲ್‌ನ ಎಚ್‌ಐಡಿ ವಿಭಾಗವು ಅದನ್ನು ತಂತಿಯ ಸಾಧನದಂತೆಯೇ ನಡೆಸಿಕೊಳ್ಳುತ್ತದೆ. ಅಲ್ಲಿಂದ ಸಂಕೇತಗಳು ಇವಿಡೆವ್ ಎಂಬ ಪದರಕ್ಕೂ, ಲಿಬ್‌ಇನ್‌ಪುಟ್ ಎಂಬ ತಂತ್ರಾಂಶಕ್ಕೂ, ಕೊನೆಗೆ ಪರದೆಗೂ ತಲುಪುತ್ತವೆ.

ಕೆಲವು ಡಾಂಗಲ್‌ಗಳಿಗೆ ವಿಶೇಷ ಡ್ರೈವರ್‌ಗಳಿವೆ. ಲಾಜಿಟೆಕ್ ಸಂಸ್ಥೆಯ ಯೂನಿಫೈಯಿಂಗ್ ರಿಸೀವರ್ 6 ಸಾಧನಗಳನ್ನು ಜೋಡಿಸಿಕೊಳ್ಳಬಲ್ಲುದು. ಅವನ್ನು ಬೇರೆಬೇರೆಯಾಗಿ ಗುರುತಿಸುವ ಡ್ರೈವರ್ 2012ರ ಜನವರಿಯಲ್ಲಿ ಬಿಡುಗಡೆಯಾದ 3.2ನೆಯ ಕರ್ನೆಲ್‌ನಲ್ಲಿ ಸೇರಿತು. ಜೋಡಣೆಯ ವಿವರ ರಿಸೀವರ್‌ನೊಳಗೇ ಉಳಿಯುವುದರಿಂದ ಡಾಂಗಲನ್ನು ಬೇರೊಂದು ಗಣಕಕ್ಕೆ ಚುಚ್ಚಿದರೂ ಮರುಜೋಡಣೆ ಬೇಕಿಲ್ಲ. ಹೊಸದಾಗಿ ಜೋಡಿಸಲು ಸೋಲಾರ್ ಎಂಬ ಮುಕ್ತ ತಂತ್ರಾಂಶವಿದೆ.

ಪರೀಕ್ಷೆಯ ಕ್ರಮ

ಬ್ಯಾಟರಿಯನ್ನೂ ಸಾಧನದ ಅಡಿಯಲ್ಲಿರುವ ಸ್ವಿಚ್ಚನ್ನೂ ನೋಡಿದ ಬಳಿಕ ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಯುಎಸ್‌ಬಿ’ ಆದೇಶ ನೀಡಬೇಕು. ಪಟ್ಟಿಯಲ್ಲಿ ಡಾಂಗಲ್ ಕಾಣದಿದ್ದರೆ ದೋಷವಿರುವುದು ಪೋರ್ಟ್‌ನಲ್ಲಿ ಅಥವಾ ಡಾಂಗಲ್‌ನಲ್ಲಿ. ಕಂಡರೆ, ಅದನ್ನು ಚುಚ್ಚಿದಾಗ ಕರ್ನೆಲ್ ಬರೆದ ಸಂದೇಶಗಳನ್ನು ‘ಡಿಮೆಸೇಜ್’ ಆದೇಶದಿಂದ ಓದಬಹುದು. ಮುಂದಿನ ಹಂತ ‘ಇವಿಟೆಸ್ಟ್’. ಕೀಲಿ ಒತ್ತಿದಾಗ ಇದರಲ್ಲಿ ಸಾಲುಗಳು ಮೂಡಿದರೆ ಡ್ರೈವರ್ ಸರಿಯಿದೆ, ತೊಂದರೆ ಅದರ ಮೇಲಿನ ಪದರದಲ್ಲಿದೆ ಎಂದರ್ಥ. ಒತ್ತಿದ ಕೀಲಿಗಳೆಲ್ಲವೂ ಇಲ್ಲಿ ದಾಖಲಾಗುವುದರಿಂದ, ಗುಪ್ತಪದ ಟೈಪಿಸಿದ ಫಲಿತಾಂಶವನ್ನು ಇತರರೊಡನೆ ಹಂಚಿಕೊಳ್ಳಬಾರದು.

ಸಾಧನವು ಆಗಾಗ ತಡವರಿಸುತ್ತಿದ್ದರೆ ಡ್ರೈವರನ್ನು ಶಂಕಿಸುವ ಮೊದಲು ಡಾಂಗಲ್‌ನ ನೆರೆಹೊರೆಯನ್ನು ಗಮನಿಸಬೇಕು. ಯುಎಸ್‌ಬಿ 3.0 ಸಾಧನಗಳೂ ಅವುಗಳ ಕೇಬಲ್‌ಗಳೂ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಗದ್ದಲ ಉಂಟುಮಾಡುತ್ತವೆಂದು ಇಂಟೆಲ್ ಸಂಸ್ಥೆ 2012ರಲ್ಲಿ ಪ್ರಕಟಿಸಿದ ಪತ್ರದಲ್ಲಿ ವಿವರಿಸಿದೆ. ನಿಸ್ತಂತು ಮೌಸ್‌ಗಳು ಬಳಸುವುದೂ ಸಾಮಾನ್ಯವಾಗಿ ಅದೇ ಪಟ್ಟಿಯನ್ನು. ಒಂದು ಗಿಡ್ಡ ಎಕ್ಸ್‌ಟೆನ್ಷನ್ ಕೇಬಲ್‌ನಿಂದ ಡಾಂಗಲನ್ನು ದೂರವಿರಿಸಿದರೆ ಸಮಸ್ಯೆ ಮಾಯವಾಗುವುದುಂಟು. ತುಸು ಹೊತ್ತು ಮುಟ್ಟದೆ ಬಿಟ್ಟಾಗ ಮಾತ್ರ ಮೌಸ್ ಮಲಗುತ್ತಿದ್ದರೆ, ಪವರ್‌ಟಾಪ್‌ನಂತಹ ವಿದ್ಯುತ್ ಉಳಿತಾಯ ತಂತ್ರಾಂಶವು ಆ ಪೋರ್ಟ್‌ಗೆ ಸ್ವಯಂ ವಿರಾಮವನ್ನು ಸಕ್ರಿಯಗೊಳಿಸಿರುವ ಸಾಧ್ಯತೆಯಿದೆ.

ಬ್ಲೂಟೂತ್ ಸಾಧನಗಳು

ಲಿನಕ್ಸ್‌ನಲ್ಲಿ ಬ್ಲೂಟೂತ್ ಸಂಪರ್ಕವನ್ನು ಬ್ಲೂಜ್ ಎಂಬ ತಂತ್ರಾಂಶ ನಿರ್ವಹಿಸುತ್ತದೆ. ರೇಡಿಯೊ ನಿರ್ಬಂಧಗೊಂಡಿದೆಯೇ ಎಂಬುದನ್ನು ‘ಆರ್‌ಎಫ್‌ಕಿಲ್’ ತಿಳಿಸುತ್ತದೆ. ‘ಬ್ಲೂಟೂತ್‌ಸಿಟಿಎಲ್’ ಮೂಲಕ ಜೋಡಿಸಿದವರು ಸಾಧನವನ್ನು ವಿಶ್ವಾಸಾರ್ಹವೆಂದು ಗುರುತಿಸುವ ಹಂತವನ್ನು ಮರೆತರೆ, ಗಣಕವನ್ನು ಮತ್ತೆ ಆರಂಭಿಸಿದಾಗ ಅದು ತಾನಾಗಿ ಸೇರಿಕೊಳ್ಳದೆ ಹೋಗಬಹುದು. ಒಂದೇ ಗಣಕದಲ್ಲಿ ವಿಂಡೋಸ್ ಕೂಡ ಇದ್ದಲ್ಲಿ ಇನ್ನೊಂದು ತೊಡಕಿದೆ: ಅಲ್ಲಿ ಹೊಸದಾಗಿ ಜೋಡಿಸಿದಾಗ ಹೊಸ ಗುಪ್ತಸಂಕೇತ ಸೃಷ್ಟಿಯಾಗಿ, ಲಿನಕ್ಸ್‌ನಲ್ಲಿ ಉಳಿದಿರುವ ಹಳೆಯದು ನಿರುಪಯುಕ್ತವಾಗುತ್ತದೆ.

ಡಿಸ್ಕನ್ನು ಗೂಢಲಿಪೀಕರಿಸಿರುವವರು ವಿಶೇಷ ಎಚ್ಚರ ವಹಿಸಬೇಕು. ಗಣಕ ಆರಂಭವಾಗುವಾಗ ಗುಪ್ತಪದ ಕೇಳುವ ಹಂತದಲ್ಲಿ ಸಾಮಾನ್ಯವಾಗಿ ಬ್ಲೂಜ್ ಇನ್ನೂ ಚಾಲನೆಗೊಂಡಿರುವುದಿಲ್ಲ. ಬ್ಲೂಟೂತ್ ಕೀಲಿಮಣೆಯೊಂದನ್ನೇ ನಂಬಿದವರಿಗೆ ತಮ್ಮ ಕಡತಗಳನ್ನೇ ತೆರೆಯಲಾಗದ ಸ್ಥಿತಿ ಬರುತ್ತದೆ. ಹಳೆಯದಾದರೂ ಸರಿ, ತಂತಿಯ ಕೀಲಿಮಣೆಯೊಂದು ಮನೆಯಲ್ಲಿರುವುದು ಒಳಿತು.

ಡ್ರೈವರ್‌ನದಲ್ಲದ ದೋಷಗಳು

ಒತ್ತಿದ ಕೀಲಿಗೆ ಬೇರೆಯೇ ಅಕ್ಷರ ಮೂಡಿದರೆ ಅದು ವಿನ್ಯಾಸದ ಆಯ್ಕೆಗೆ ಸಂಬಂಧಿಸಿದ್ದು. ಕನ್ನಡಕ್ಕೆ ಲಿನಕ್ಸ್‌ನಲ್ಲಿ ಇನ್‌ಸ್ಕ್ರಿಪ್ಟ್ ಮತ್ತು ಕಗಪ ವಿನ್ಯಾಸಗಳೆರಡೂ ಲಭ್ಯವಿದ್ದು, ಒಂದರ ಬದಲು ಇನ್ನೊಂದು ಆಯ್ಕೆಯಾದಾಗ ಕೀಲಿಮಣೆಯೇ ಕೆಟ್ಟಿತೆಂದು ಭಾವಿಸುವುದು ಸಹಜ.

ಸಾಧನವು ತೀರಾ ಹೊಸದಾಗಿದ್ದರೆ ಮಾತ್ರ ಡ್ರೈವರ್‌ನ ಕೊರತೆಯನ್ನು ಶಂಕಿಸಬಹುದು. ಹೊಸ ಕರ್ನೆಲ್ ಇರುವ ವಿತರಣೆಯೊಂದನ್ನು ಪೆನ್‌ಡ್ರೈವ್‌ನಿಂದ ನಡೆಸಿ ನೋಡಿದರೆ ಇದು ಖಚಿತವಾಗುತ್ತದೆ. ಅಲ್ಲಿಯೂ ಕೆಲಸ ಮಾಡದಿದ್ದಲ್ಲಿ ಕರ್ನೆಲ್‌ನ ಆವೃತ್ತಿ, ‘ಎಲ್‌ಎಸ್‌ಯುಎಸ್‌ಬಿ’ ತೋರಿಸುವ ತಯಾರಕ ಹಾಗೂ ಉತ್ಪನ್ನದ ಗುರುತುಸಂಖ್ಯೆಗಳು ಮತ್ತು ‘ಡಿಮೆಸೇಜ್’ ಸಾಲುಗಳೊಂದಿಗೆ ತಾವು ಬಳಸುವ ವಿತರಣೆಯ ನಿರ್ವಾಹಕರಿಗೆ ವರದಿ ಸಲ್ಲಿಸಬಹುದು.