ಕಚ್ಚದೆ ಸುಡುವ ಜೀರುಂಡೆ

ಮುಂಗಾರು ಮಳೆ ಬಿದ್ದು, ಗದಗ-ಬೆಟಗೇರಿಯ ಸುತ್ತಲಿನ ಎರೆಹೊಲಗಳಲ್ಲಿ ಹೆಸರು ಹೂವಿಗೆ ಬಂದಿತೆಂದರೆ ಹುಳುಹುಪ್ಪಡಿಗಳಿಗೆ ಸುಗ್ಗಿ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಮನೆಗಳಲ್ಲಿ ಸಂಜೆ ದೀಪ ಹೊತ್ತಿದೊಡನೆ ಅವುಗಳ ದಂಡು ಕಿಟಕಿಗೆ ಮುತ್ತುತ್ತದೆ. ಬಹುಪಾಲು ನಿರುಪದ್ರವಿಗಳೇ. ಆದರೆ ಎರಡು ಬಗೆಯ ಜೀರುಂಡೆಗಳನ್ನು ಗುರುತಿಸಲು ಕಲಿತಿರುವುದು ಲೇಸು. ಒಂದು ರಾತ್ರಿಯದು, ಇನ್ನೊಂದು ಹಗಲಿನದು.

ರಾತ್ರಿಯ ಜೀರುಂಡೆಗೆ ಶಾಸ್ತ್ರಜ್ಞರು ಇಟ್ಟ ಹೆಸರು ಪೀಡೆರಸ್. ಉದ್ದ ಸುಮಾರು 1 ಸೆಂಟಿಮೀಟರು. ಇರುವೆಯಂತೆ ನೀಳವಾದ ಮೈ. ಕಿತ್ತಳೆ, ಕಪ್ಪು ಬಣ್ಣಗಳ ಪಟ್ಟೆ. ಇದು ಕಚ್ಚುವುದಿಲ್ಲ, ಕುಟುಕುವುದೂ ಇಲ್ಲ. ಮೈಮೇಲೆ ಹರಿದಾಡುವ ಇದನ್ನು ನಿದ್ದೆಗಣ್ಣಿನಲ್ಲಿ ಹೊಸಕಿದಾಗ, ಒಡಲಿನ ದ್ರವದಲ್ಲಿರುವ 'ಪೆಡೆರಿನ್' ಎಂಬ ವಿಷ ಚರ್ಮಕ್ಕೆ ಸೋಕುತ್ತದೆ. 1953ರಲ್ಲಿ ಇಟಲಿಯ ವಿಜ್ಞಾನಿಗಳು ಇದನ್ನು ಬೇರ್ಪಡಿಸಿದರು. ಈ ವಿಷವನ್ನು ತಯಾರಿಸುವುದು ಜೀರುಂಡೆಯಲ್ಲ, ಅದರೊಳಗೆ ನೆಲಸಿರುವ ಸೂಕ್ಷ್ಮಜೀವಿ ಎಂಬುದು ಅನಂತರ ತಿಳಿದುಬಂದ ಸೋಜಿಗ.

ಹಗಲಿನದು ಕಪ್ಪು ಮೈಯ ಮೇಲೆ ಕಿತ್ತಳೆ ಪಟ್ಟೆಗಳುಳ್ಳ ದಪ್ಪ ಜೀರುಂಡೆ. ಹೆಸರು, ತೊಗರಿ, ಅಲಸಂದಿ, ಬೆಂಡೆಗಳ ಹೂವನ್ನು ಮೇಯುತ್ತದೆ. ಹಿತ್ತಿಲಿನ ದಾಸವಾಳವನ್ನೂ ಬಿಡದು. ಕೆಣಕಿದರೆ ಕಾಲಿನ ಕೀಲುಗಳಿಂದ ದ್ರವವನ್ನು ಒಸರಿಸುತ್ತದೆ. ಅದರಲ್ಲಿರುವ 'ಕ್ಯಾಂಥರಿಡಿನ್' ತಗುಲಿದೆಡೆಯಲ್ಲಿ ನೀರು ತುಂಬಿದ ಬೊಕ್ಕೆ ಏಳುತ್ತದೆ.

ಪೀಡೆರಸ್ ವಿಷದ ತೊಡಕೆಂದರೆ ಅದರ ತಡ. ಸೋಕಿದಾಗ ಏನೂ ತಿಳಿಯದು. ಒಂದೆರಡು ದಿನಗಳೊಳಗೆ ಚಾಟಿಯಿಂದ ಹೊಡೆದಂತಹ ಕೆಂಪು ಗೆರೆ, ಉರಿ, ಕಿರುಗುಳ್ಳೆಗಳು ಕಾಣಿಸಿಕೊಳ್ಳುತ್ತವೆ. ಆಗ ಮನೆಯ ಹಿರಿಯರು 'ಸರ್ಪಸುತ್ತು' ಎಂದು ತೀರ್ಮಾನಿಸಿ ಕೆಮ್ಮಣ್ಣು ಹಚ್ಚಿಸುವುದುಂಟು. ಎರಡಕ್ಕೂ ಅಂತರವಿದೆ. ಸರ್ಪಸುತ್ತಿನಲ್ಲಿ ಸಾಮಾನ್ಯವಾಗಿ ನೋವು ಮೊದಲು, ಗುಳ್ಳೆ ಆಮೇಲೆ. ಅದು ದೇಹದ ಒಂದೇ ಪಕ್ಕದಲ್ಲಿ ನರದ ಜಾಡು ಹಿಡಿಯುತ್ತದೆ. ಜೀರುಂಡೆಯ ಗಾಯ ಕತ್ತು, ಮುಖ, ತೋಳುಗಳಂತಹ ತೆರೆದ ಭಾಗಗಳಲ್ಲಿ ಹೆಚ್ಚು. ಮೊಣಕೈ ಮಡಿಕೆಯಲ್ಲಿ ಆದರೆ ಎದುರುಬದುರಾಗಿ ಜೋಡಿ ಗುರುತು ಮೂಡುತ್ತದೆ. ಸರ್ಪಸುತ್ತಿಗೆ ಬೇಗನೆ ಔಷಧಿ ಬೇಕಾದುದರಿಂದ, ಸಂದೇಹವಿದ್ದಲ್ಲಿ ವೈದ್ಯರೇ ನೋಡಬೇಕು.

2022ರ ಜುಲೈನಲ್ಲಿ ಸಿಕ್ಕಿಮಿನ ಎಂಜಿನಿಯರಿಂಗ್ ಕಾಲೇಜೊಂದರ ಸುಮಾರು 100 ವಿದ್ಯಾರ್ಥಿಗಳಿಗೆ ಪೀಡೆರಸಿನ ಬಾಧೆ ತಟ್ಟಿತ್ತು. ವಿಷ ಹತ್ತಿದ ಬೆರಳಿನಿಂದ ಕಣ್ಣುಜ್ಜಿದರೆ ರೆಪ್ಪೆ ಬಾತು ಕಣ್ಣು ಕೆಂಪಾಗುತ್ತದೆ. ಪೂರ್ವ ಆಫ್ರಿಕದಲ್ಲಿ ಇದಕ್ಕೆ 'ನೈರೋಬಿ ಕಣ್ಣು' ಎಂದೇ ಹೆಸರು. ಅಂತಹ ಸಮಯದಲ್ಲಿ ನೀರಿನಿಂದ ಕಣ್ಣನ್ನು ಚೆನ್ನಾಗಿ ತೊಳೆದು ವೈದ್ಯರಲ್ಲಿಗೆ ಹೋಗಬೇಕು.

ಮೈಮೇಲೆ ಹುಳು ಕಂಡರೆ ಹೊಡೆಯಬಾರದು; ಊದಿ ಹಾರಿಸಬೇಕು, ಇಲ್ಲವೆ ಕಾಗದದ ಮೇಲೆ ಹತ್ತಿಸಿಕೊಂಡು ಹೊರಗೆ ಬಿಡಬೇಕು. ದ್ರವ ಸೋಕಿದ ಜಾಗವನ್ನು ಕೂಡಲೆ ಸಾಬೂನು ಹಚ್ಚಿ ತೊಳೆಯಬೇಕು. ಅನಂತರ ತಣ್ಣೀರಿನ ಬಟ್ಟೆ ಇಟ್ಟರೆ ಉರಿ ತಗ್ಗುತ್ತದೆ. ಗುಳ್ಳೆಯನ್ನು ಒಡೆಯಬಾರದು. ಇದು ಅಂಟುರೋಗವಲ್ಲ, ಸಾಮಾನ್ಯವಾಗಿ ಒಂದರಿಂದ ಮೂರು ವಾರಗಳಲ್ಲಿ ಮಾಯುತ್ತದೆ, ಕಪ್ಪು ಕಲೆ ಮಾತ್ರ ಕೆಲಕಾಲ ಉಳಿದೀತು. ಮಳೆಗಾಲದಲ್ಲಿ ಕಿಟಕಿಗೆ ಜಾಲರಿ, ಹಾಸಿಗೆಗೆ ಸೊಳ್ಳೆಪರದೆ ಇದ್ದು, ಮಲಗುವ ಮುನ್ನ ಹಾಸಿಗೆಯನ್ನು ಕೊಡವಿ ದೀಪ ಆರಿಸಿದರೆ ಬಹುಮಟ್ಟಿಗೆ ಪಾರಾಗಬಹುದು.

ಪೀಡೆರಸನ್ನು ಕೇವಲ ಶತ್ರುವೆಂದೂ ಭಾವಿಸಬೇಕಿಲ್ಲ. ಪೈರಿನ ರಸ ಹೀರುವ ಹೇನುಗಳನ್ನು ತಿಂದು ಅದು ರೈತನಿಗೆ ನೆರವಾಗುತ್ತದೆ. ಹೊಲದಲ್ಲಿ ಅದರ ಕೆಲಸ ಅದಕ್ಕಿರಲಿ. ಮನೆಯೊಳಗೆ ಬಂದಾಗ ಮಕ್ಕಳ ಕೈ ಅದರ ಮೇಲೆ ಬೀಳದಂತೆ ನೋಡಿಕೊಂಡರಾಯಿತು.