ಒಕ್ಕಣೆಯ ಆಳಿಗೆ ಅಪಘಾತ ಪರಿಹಾರ

ಕೆಂಗೇರಿ ಹೋಬಳಿಯಲ್ಲಿ ರಾಗಿಯ ಒಕ್ಕಣೆಗೆ ಬರುವ ಕೂಲಿಯಾಳುಗಳು ಸುಗ್ಗಿ ಮುಗಿದೊಡನೆ ಚದುರಿಹೋಗುವರು. ಯಂತ್ರಕ್ಕೆ ಕೈ ಸಿಕ್ಕಿ ಊನವಾದ ಆಳು ಯಾರ ಕಣದಲ್ಲಿ, ಯಾವ ದಿನ, ಎಷ್ಟು ಕೂಲಿಗೆ ದುಡಿಯುತ್ತಿದ್ದನೆಂಬುದಕ್ಕೆ ಬಹುಮಟ್ಟಿಗೆ ಬರವಣಿಗೆಯೇ ಇರುವುದಿಲ್ಲ.

ಯಂತ್ರಬಲದ ಬೇಸಾಯದಲ್ಲಿ ಆಳಿಗೆ ಪೆಟ್ಟಾದರೆ ಪರಿಹಾರ ತೆರುವುದು ಕೆಲಸಕ್ಕಿಟ್ಟವರ ಹೊಣೆ. 1923ರ ಕಾಯಿದೆಯಲ್ಲಿದ್ದ ಈ ಹೊಣೆಯನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಉಳಿಸಿಕೊಂಡಿದೆ. ಪರಿಹಾರದ ಲೆಕ್ಕ ಕೂಲಿ, ವಯಸ್ಸು, ಊನಗಳ ಮೇಲೆ. ಅರ್ಜಿಗೆ ಅವಧಿ 2 ವರ್ಷ. ಆದುದರಿಂದ ಭೂಮಾಲೀಕರು ಆಳಿನ ಹೆಸರು, ದಿನ, ಕೂಲಿಗಳನ್ನು ವಹಿಯಲ್ಲಿ ಬರೆದಿಡತಕ್ಕದ್ದು.

ಗ್ರಾಮದ ಮುಖಂಡರು ಆಳುಗಳನ್ನು ವರ್ಷಕ್ಕೆ 20 ರೂಪಾಯಿ ಕಂತಿನ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಬ್ಯಾಂಕಿನ ಮೂಲಕ ಸೇರಿಸುವುದೂ ಯುಕ್ತ. ಅಪಘಾತದಲ್ಲಿ ಒಂದು ಕೈ ಪೂರ್ಣವಾಗಿ ನಿರುಪಯುಕ್ತವಾದರೆ 1 ಲಕ್ಷ, ಮರಣವಾದರೆ 2 ಲಕ್ಷ ರೂಪಾಯಿ ದೊರೆಯುವುದು. ಆದರೆ ಇದರಿಂದ ಮಾಲೀಕರ ಹೊಣೆ ತೀರದು.