ಸರ್ವರ್ ಬಿದ್ದಾಗ ಪಂಚನಾಮೆ ಬರೆಯುವವರು ಯಾರು?

ನಾಸಿಕದ ಸಾತಪುರ, ಅಂಬಡಗಳಲ್ಲಾಗಲಿ, ಛತ್ರಪತಿ ಸಂಭಾಜಿನಗರದ ವಾಳೂಜ, ಚಿಕಲಠಾಣಗಳಲ್ಲಾಗಲಿ ದುಡಿಯುವ ನಮ್ಮವರ ಹಾಜರಿ, ಪಾಳಿ, ಓವರ್‌ಟೈಮು, ಪಗಾರದ ಲೆಕ್ಕವೆಲ್ಲ ಈಗ ಸರ್ವರ್ ಎಂಬ ಯಂತ್ರದ ಹೊಟ್ಟೆಯಲ್ಲಿದೆ. ಅದು ನಡುರಾತ್ರಿ ನಿಂತುಬಿಟ್ಟರೆ ಬೆಳಿಗ್ಗೆ ಏಳುವ ಮೊದಲ ಪ್ರಶ್ನೆ, “ಪಾಳಿಯಲ್ಲಿ ಯಾರಿದ್ದರು?” ಎಂಬುದೇ. ಯಂತ್ರಕ್ಕೆ ಬಾಯಿಲ್ಲ, ಕಾರಕೂನನಿಗೆ ಸಾಕ್ಷಿಯಿಲ್ಲ.

ನಮ್ಮ ವಾಚನಾಲಯಕ್ಕೆ ಬರುವ ಮಿತ್ರರೊಬ್ಬರಿಗೆ ಹೀಗೆಯೇ ಆಯಿತು. ಎರಡು ತಿಂಗಳಲ್ಲಿ ಸರ್ವರ್ ಮೂರು ಸಲ ಬಿತ್ತು; ಮೂರು ಸಲವೂ ಅವರದೇ ರಾತ್ರಿಪಾಳಿ. ಬಿದ್ದಾಗ ಕಾರಣವನ್ನು ದಾಖಲಿಸುವ ಏರ್ಪಾಡು ಇದೆಯೆಂದು ಕಾಗದದಲ್ಲಿ ಬರೆದಿತ್ತು. ದಾಖಲೆ ಮಾತ್ರ ಒಂದೂ ಸಿಗಲಿಲ್ಲ. ಆದಕಾರಣ ಈ ಏರ್ಪಾಡು ಏನು, ಅದು ಎಲ್ಲಿ ಕೈಕೊಡುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇವೆ.

ಯಂತ್ರದ ಎಲ್ಲ ಕೆಲಸಗಳನ್ನೂ ನಡೆಸುವ ಮೂಲ ಕಾರ್ಯಕ್ರಮಕ್ಕೆ ಕರ್ನೆಲ್ ಎನ್ನುತ್ತಾರೆ. ಲಿನಕ್ಸ್ ಸರ್ವರುಗಳಲ್ಲಿ ಈ ಕರ್ನೆಲ್ಲೇ ಕುಸಿದರೆ ತನ್ನ ಸಾವಿನ ಪಂಚನಾಮೆಯನ್ನು ತಾನೇ ಬರೆಯಲಾರದು. ಬರೆಯಹೋದರೆ ಡಿಸ್ಕಿನ ಲೆಕ್ಕವನ್ನೂ ಕೆಡಿಸೀತು. ಅದಕ್ಕಾಗಿ ಕೆಡಂಪ್ ಎಂಬ ಉಪಾಯವನ್ನು ಕಂಡುಹಿಡಿದರು. ಯಂತ್ರ ಎದ್ದಾಗಲೇ ಮೆಮೊರಿಯ ಒಂದು ಮೂಲೆಯನ್ನು ಕಾದಿರಿಸಿ, ಅಲ್ಲಿ ಎರಡನೆಯದೊಂದು ಚಿಕ್ಕ ಕರ್ನೆಲ್ ಅನ್ನು ಸಿದ್ಧವಾಗಿ ಕೂರಿಸಿರುತ್ತಾರೆ. ಮೊದಲನೆಯದು ಬಿದ್ದ ಕೂಡಲೇ ಎರಡನೆಯದು ಏಳುತ್ತದೆ. ಯಂತ್ರವನ್ನು ಆರಿಸಿ ಹೊತ್ತಿಸುವುದಿಲ್ಲವಾದ್ದರಿಂದ ಹಳೆಯ ಮೆಮೊರಿ ಅಳಿಯದೆ ಉಳಿದಿರುತ್ತದೆ; ಅದನ್ನು ಇದು ನಕಲು ಮಾಡಿ ಇಡುತ್ತದೆ. ಈ ನಕಲಿಗೆ ವಿಎಂಕೋರ್ ಎಂದು ಹೆಸರು. ಈ ಕೆಲಸ ಲಿನಕ್ಸ್‌ನಲ್ಲಿ ಸೇರಿದ್ದು 2005ರಲ್ಲಿ, 2.6.13ನೆಯ ಆವೃತ್ತಿಯಲ್ಲಿ. ಇದನ್ನು ರೂಪಿಸಿದವರಲ್ಲಿ ಬೆಂಗಳೂರಿನ ಐಬಿಎಂ ಲಿನಕ್ಸ್ ಕೇಂದ್ರದ ವಿವೇಕ್ ಗೋಯಲ್, ಹರಿಪ್ರಸಾದ್ ನೆಲ್ಲಿತೀರ್ಥ ಮುಂತಾದವರಿದ್ದರು ಎಂಬುದು ನಮಗೆ ಅಭಿಮಾನದ ಸಂಗತಿ.

ಇನ್ನು ಅದು ಕೈಕೊಡುವ ಜಾಗಗಳನ್ನು ನೋಡೋಣ.

ಮೊದಲನೆಯದು, ಮೆಮೊರಿಯನ್ನು ಕಾದಿರಿಸದೇ ಇರುವುದು. ಯಂತ್ರ ಏಳುವಾಗ ಕೊಡುವ ಆಜ್ಞೆಯಲ್ಲಿ ‘ಕ್ರ್ಯಾಶ್‌ಕರ್ನೆಲ್’ ಎಂಬ ಮಾತೂ ಅದರ ಮುಂದೆ ಮೆಮೊರಿಯ ಅಳತೆಯೂ ಇರಬೇಕು. ಕೆಲವರು ಅದನ್ನು ಕಡತದಲ್ಲಿ ಬರೆದು, ಯಂತ್ರವನ್ನು ಮತ್ತೆ ಎಬ್ಬಿಸದೆ ಬಿಡುತ್ತಾರೆ. ಆಗ ಬರೆದದ್ದು ಬರೆದಲ್ಲೇ ಉಳಿಯುತ್ತದೆ. ‘ಕೆಕ್ಸೆಕ್ ಕ್ರ್ಯಾಶ್ ಲೋಡೆಡ್’ ಎಂಬ ಕಡತವನ್ನು ತೆರೆದು ನೋಡಿದರೆ ನಿಜ ತಿಳಿಯುತ್ತದೆ: 1 ಇದ್ದರೆ ಎರಡನೆಯ ಕರ್ನೆಲ್ ಸಿದ್ಧವಾಗಿದೆ, 0 ಇದ್ದರೆ ಇಲ್ಲ.

ಎರಡನೆಯದು, ಕಾದಿರಿಸಿದ ಜಾಗ ಸಾಲದಿರುವುದು. ರೆಡ್‌ಹ್ಯಾಟ್ 9ರಲ್ಲಿ 4ರಿಂದ 64 ಜಿಬಿ ಮೆಮೊರಿಯ ಯಂತ್ರಕ್ಕೆ 256 ಎಂಬಿ, ಅದಕ್ಕೂ ದೊಡ್ಡದಕ್ಕೆ 512 ಎಂಬಿ ಎಂದು ರೂಢಿಯ ಅಳತೆಯಿದೆ. ಯಂತ್ರಕ್ಕೆ ಜೋಡಿಸಿದ ಸಲಕರಣೆಗಳು ಹೆಚ್ಚಾದರೆ ಇದೂ ಸಾಲದೆ ಎರಡನೆಯ ಕರ್ನೆಲ್ ನಡುವಿನಲ್ಲೇ ಉಸಿರುಗಟ್ಟುತ್ತದೆ.

ಮೂರನೆಯದು, ಇಡಲು ಸ್ಥಳವಿಲ್ಲದಿರುವುದು. ದಾಖಲೆ ಸಾಮಾನ್ಯವಾಗಿ ‘ವಾರ್’ ಕೋಶದೊಳಗಿನ ‘ಕ್ರ್ಯಾಶ್’ ಎಂಬಲ್ಲಿ ಬೀಳುತ್ತದೆ. ಅಲ್ಲಿ ಡಿಸ್ಕ್ ತುಂಬಿದ್ದರೆ ಬರೆಯುವುದೆಲ್ಲಿ? ಮೇಕ್‌ಡಂಪ್‌ಫೈಲ್ ಎಂಬ ಸಾಧನ ಖಾಲಿ ಪುಟಗಳನ್ನು ಬಿಟ್ಟು, ಉಳಿದುದನ್ನು ಕುಗ್ಗಿಸಿ ಇಡುತ್ತದೆ; ಹಾಗಿದ್ದರೂ ಜಾಗ ಬೇಕೇ ಬೇಕು. ನೆಟ್‌ವರ್ಕಿನ ಮೂಲಕ ಬೇರೆ ಯಂತ್ರಕ್ಕೆ ಕಳುಹಿಸುವುದಾದರೆ, ಎರಡನೆಯ ಕರ್ನೆಲ್ಲಿಗೂ ಆ ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಗೊತ್ತಿರಬೇಕು.

ನಾಲ್ಕನೆಯದು, ಪರೀಕ್ಷಿಸದೇ ಇರುವುದು. ಬೇಕೆಂದೇ ಕರ್ನೆಲ್ ಅನ್ನು ಬೀಳಿಸಿ ನೋಡುವ ಆಜ್ಞೆಯುಂಟು. ಅದು ನಿಜವಾಗಿಯೇ ಬೀಳಿಸುತ್ತದೆ! ಆದ್ದರಿಂದ ಲೆಕ್ಕಪತ್ರದ ನಕಲು ತೆಗೆದಿಟ್ಟು, ರಜೆಯ ದಿನ, ಮೇಲಧಿಕಾರಿಯ ಲಿಖಿತ ಅಪ್ಪಣೆ ಪಡೆದು ಮಾತ್ರ ಮಾಡತಕ್ಕದ್ದು. ಪರೀಕ್ಷೆಯಾಗದ ಕೆಡಂಪ್ ಇದ್ದೂ ಇಲ್ಲದಂತೆ.

ಒಂದು ಮಿತಿಯನ್ನೂ ಹೇಳಬೇಕು. ಕರೆಂಟು ಹೋಗಿ ಯಂತ್ರ ಆರಿದರೆ ಯಾವ ದಾಖಲೆಯೂ ಬೀಳುವುದಿಲ್ಲ. ದಾಖಲೆಯಿಲ್ಲ ಎಂದ ಮಾತ್ರಕ್ಕೆ ಯಾರನ್ನೂ ದೋಷಿಯೆನ್ನಬಾರದು. ಇನ್ನೊಂದು ಮಾತು: ಆ ನಕಲಿನಲ್ಲಿ ಮೆಮೊರಿಯಲ್ಲಿದ್ದ ಪಾಸ್‌ವರ್ಡು, ಪಗಾರದ ಅಂಕಿ ಮುಂತಾದವೂ ಇರಬಹುದು. ಅದನ್ನು ಬೀಗದ ಕಾಗದದಂತೆ ಕಾಪಾಡಬೇಕು, ಕಂಡಕಂಡವರಿಗೆ ಕಳುಹಿಸಬಾರದು.

ನಮ್ಮ ಮಿತ್ರರ ಕಾರ್ಖಾನೆಯಲ್ಲಿ ಸಿಕ್ಕಿದ ತಪ್ಪು ಎರಡನೆಯ ಬಗೆಯದು: ಕಾದಿರಿಸಿದ ಜಾಗ ಸಾಲದಾಗಿತ್ತು. ಅದನ್ನು ಹೆಚ್ಚಿಸಿ, ಒಂದು ಭಾನುವಾರ ಪರೀಕ್ಷೆ ಮಾಡಿ ಇಟ್ಟರು. ನಾಲ್ಕನೆಯ ಸಲ ಬಿದ್ದಾಗ ದಾಖಲೆ ಸಿಕ್ಕಿತು. ಡಿಸ್ಕ್ ನಡೆಸುವ ಡ್ರೈವರಿನಲ್ಲಿ ದೋಷವಿತ್ತೇ ಹೊರತು ಮನುಷ್ಯನ ಕೈಯಲ್ಲಿರಲಿಲ್ಲ. ಅವರ ಹೆಸರಿಗೆ ಹತ್ತಿದ್ದ ಮಸಿ ಹೋಯಿತು.

ಸರ್ವರ್ ಇರುವ ಕಚೇರಿಯಲ್ಲಿ ಕೆಲಸ ಮಾಡುವ ನಮ್ಮ ವಾಚಕರು ನಾಳೆ ಒಂದೇ ಒಂದು ಪ್ರಶ್ನೆ ಕೇಳಲಿ: “ನಮ್ಮಲ್ಲಿ ಕೆಡಂಪ್ ಇದೆಯೇ? ಅದನ್ನು ಕಡೆಯ ಸಲ ಪರೀಕ್ಷಿಸಿದ್ದು ಯಾವಾಗ?” ಅಪವಾದ ಬಂದ ಮೇಲೆ ಸಾಕ್ಷಿ ಹುಡುಕುವುದಕ್ಕಿಂತ, ಸಾಕ್ಷಿಯನ್ನು ಮೊದಲೇ ಕೂರಿಸಿಡುವುದು ಮೇಲು.